ಸಂಘವೇ ನಮ್ಮ ಗಂಟಲು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ಜನಕ್ಕೆ ಮಾತೇ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಜನ ತಲೆತಲಾಂತರದಿಂದ ಕೂಗಿದ್ದಾರೆ. ಊರ ಮುಂದೆ ತಮಟೆ ಬಡಿದು ಡಂಗುರ ಸಾರಿದವರು ಯಾರು? ನಾವೇ. ಜಾತ್ರೆ ಯಾವತ್ತು, ಕಂದಾಯ ಯಾವತ್ತು, ಗೌಡರ ಮನೆಯಲ್ಲಿ ಸಾವಾದರೆ ಮಣ್ಣು ಎಷ್ಟು ಹೊತ್ತಿಗೆ, ಎಲ್ಲವನ್ನೂ ಗಂಟಲು ಹರಿಯೋ ಹಾಗೆ ಸಾರಿದವರು ನಾವೇ. ಗಂಟಲು ನಮ್ಮದು, ಮಾತು ಅವರದು. ನಮ್ಮ ಕೂಲಿ ಎಷ್ಟು ಬಾಕಿ ಇದೆ, ನಮ್ಮ ಕೇರಿಗೆ ನೀರು ಯಾಕೆ ಬರಲಿಲ್ಲ, ನಮ್ಮ ಹುಡುಗನನ್ನು ಕಂಬಕ್ಕೆ ಕಟ್ಟಿದವರು ಯಾರು ಅಂತ ಆ ತಮಟೆಯಲ್ಲಿ ಸಾರುವ ಹಾಗಿರಲಿಲ್ಲ. ಸಾರಿದ್ದರೆ ತಮಟೆಯ ಜೊತೆ ಬೆನ್ನ ಚರ್ಮವೂ ಹರಿಯುತ್ತಿತ್ತು.

ಆದ್ದರಿಂದ ಮಾತಿನ ಸ್ವಾತಂತ್ರ್ಯ ಅನ್ನೋದು ನಮಗೆ ಪುಸ್ತಕದ ವಿಷಯ ಅಲ್ಲ. ಅದು ಬೆನ್ನಿನ ವಿಷಯ, ಹೊಟ್ಟೆಯ ವಿಷಯ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ 19ನೇ ವಿಧಿ ಇದೆ. ನಿಮ್ಮಲ್ಲಿ ಎಷ್ಟೋ ಜನ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೀರಿ. ಬಾಯಿಪಾಠ ಮರೆತರೂ ಚಿಂತೆ ಇಲ್ಲ, ಅದರ ಸಾಲುಗಳನ್ನು ಕಣ್ಣಿಟ್ಟು ನೋಡಿ. ಮೊದಲನೆಯದು (ಎ), ಮಾತಾಡುವ, ಅಭಿಪ್ರಾಯ ಹೇಳುವ ಹಕ್ಕು. ಎರಡನೆಯದು (ಬಿ), ಆಯುಧ ಇಲ್ಲದೆ ಶಾಂತಿಯಿಂದ ಒಂದು ಕಡೆ ಸೇರುವ ಹಕ್ಕು. ಮೂರನೆಯದು (ಸಿ), ಸಂಘ ಕಟ್ಟುವ ಹಕ್ಕು. ಮೂರನ್ನೂ ಒಂದೇ ವಿಧಿಯಲ್ಲಿ ಒಂದರ ಪಕ್ಕ ಒಂದು ಇಟ್ಟಿದ್ದಾರೆ.

ಮೇಲಿನವರಿಗೆ (ಎ) ಒಂದೇ ಸಾಕಾಗಬಹುದು. ಅವರಿಗೆ ಪತ್ರಿಕೆ ಇದೆ, ಟಿವಿ ಇದೆ, ಮಠ ಇದೆ, ವಿಧಾನಸೌಧದಲ್ಲಿ ನೆಂಟರಿದ್ದಾರೆ. ಒಬ್ಬನೇ ಕೂತು ಕೆಮ್ಮಿದರೂ ಊರಿಗೆ ಕೇಳುತ್ತದೆ. ನಮ್ಮಲ್ಲಿ ಒಬ್ಬ ಒಂಟಿಯಾಗಿ ಮಾತಾಡಿದರೆ ಏನಾಗುತ್ತದೆ? ನಾಳೆ ಅವನಿಗೆ ಕೂಲಿ ಇಲ್ಲ. ಅಂಗಡಿಯಲ್ಲಿ ಉಪ್ಪಿಲ್ಲ. ಅವನ ಕುರಿ ಯಾರದೋ ಹೊಲಕ್ಕೆ ಹೋಯಿತು ಅಂತ ಪಂಚಾಯಿತಿ. ಒಬ್ಬನ ಮಾತನ್ನು ಮುರಿಯುವುದು ಸುಲಭ, ಐವತ್ತು ಜನ ಒಟ್ಟಿಗೆ ನಿಂತು ಆಡಿದ ಮಾತನ್ನು ಮುರಿಯುವುದು ಕಷ್ಟ. ಅದಕ್ಕೇ ನಾವು ಹೇಳೋದು: (ಬಿ) ಮತ್ತು (ಸಿ) ಇಲ್ಲದೆ ನಮಗೆ (ಎ) ಇಲ್ಲ. ಸಂಘವೇ ನಮ್ಮ ಗಂಟಲು. ನಮ್ಮನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದವನು ನಮ್ಮ ಬಾಯಿ ಮುಚ್ಚಿಸಿದ ಹಾಗೇ.

ಇದು ಬಾಬಾಸಾಹೇಬರ ಬದುಕು ಕಲಿಸಿದ ಪಾಠ. 1920ರ ಜನವರಿ 31ರಂದು ಅವರು 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಆ ಪತ್ರಿಕೆಯ ಜಾಹೀರಾತನ್ನು ಹಣ ಕೊಡುತ್ತೇವೆ ಅಂದರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬೇಕು ಅಂತ ಬರೆಯುತ್ತಿದ್ದ ಪತ್ರಿಕೆಯಲ್ಲಿ ಅಸ್ಪೃಶ್ಯರ ಪತ್ರಿಕೆಯ ಜಾಹೀರಾತಿಗೂ ಜಾಗ ಇರಲಿಲ್ಲ.

1927ರ ಮಹಾಡ್ ನೋಡಿ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲೇ ಬೊಂಬಾಯಿ ಶಾಸನ ಸಭೆ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ತನ್ನ ಕೆರೆ ಎಲ್ಲರಿಗೂ ತೆರೆದಿದೆ ಅಂದಿತ್ತು. ಕಾಗದದ ಮೇಲೆ ನೀರು ನಮ್ಮದೇ. ಆದರೆ ಯಾವ ಒಂಟಿ ಮನುಷ್ಯನೂ ಆ ಕಾಗದ ಹಿಡಿದು ಚೌದಾರ್ ಕೆರೆಗೆ ಇಳಿಯೋ ಹಾಗಿರಲಿಲ್ಲ. ಮಾರ್ಚ್ 20ರಂದು ಸಾವಿರಾರು ಜನ ಸಾಲಾಗಿ ನಡೆದು ಹೋದಾಗ ಮಾತ್ರ ಆ ನೀರು ಬೊಗಸೆಗೆ ಬಂತು. ಆಮೇಲೆ ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿ ನಮ್ಮವರನ್ನು ಹೊಡೆದರು. ಡಿಸೆಂಬರ್‌ನಲ್ಲಿ ಮತ್ತೆ ಸೇರಿದಾಗ ಕೋರ್ಟಿನಿಂದ ತಡೆಯಾಜ್ಞೆ ತಂದರು. ಚಪ್ಪರ ಹಾಕಲು ಹಿಂದೂಗಳು ಜಾಗ ಕೊಡಲಿಲ್ಲ, ಕೊಟ್ಟವರು ಒಬ್ಬ ಮುಸಲ್ಮಾನರು. ಆ ಸಲ ಬಾಬಾಸಾಹೇಬರು ಕೆರೆಗೆ ಇಳಿಯುವುದನ್ನು ನಿಲ್ಲಿಸಿದರು, ಸಭೆ ನಿಲ್ಲಿಸಲಿಲ್ಲ. ಡಿಸೆಂಬರ್ 25ರಂದು ಮನುಸ್ಮೃತಿಗೆ ಬೆಂಕಿ ಬಿತ್ತು. ಕೇಸು ಹತ್ತು ವರ್ಷ ನಡೆಯಿತು. 1937ರಲ್ಲಿ ಬೊಂಬಾಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಬೀದಿ ಮತ್ತು ಕೋರ್ಟು ಎರಡೂ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಯಾವುದು?

ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ತಮ್ಮ 1936ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಬಾಬಾಸಾಹೇಬರನ್ನು ಕರೆದರು. ಜಾತಿ ಮುರಿಯುವ ಮಂಡಲ! ಬರೆದ ಭಾಷಣ ನೋಡಿ ಬೆವತರು. ಅದು ತೆಗೆಯಿರಿ, ಇದು ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸೋದಿಲ್ಲ ಅಂತ ಇವರು ಹೇಳಿದರು. ಸಮ್ಮೇಳನವೇ ನಡೆಯಲಿಲ್ಲ. ವೇದಿಕೆ ಕಿತ್ತುಕೊಂಡರೆ ಏನಂತೆ, ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಆಡಲು ಬಿಡದ ಆ ಭಾಷಣವೇ 'ಜಾತಿ ವಿನಾಶ'. ಆ ಮಂಡಲ ಎಲ್ಲಿದೆ ಅಂತ ಇವತ್ತು ಯಾರೂ ಕೇಳೋದಿಲ್ಲ. ಆ ಪುಸ್ತಕ ಹಾಸ್ಟೆಲಿನ ದಿಂಬಿನ ಕೆಳಗೆ ಇದೆ. ಸಭೆಗಳಲ್ಲಿ ಕೈಯಿಂದ ಕೈಗೆ ಹೋಗುವ ಇಂಥ ಹಾಳೆಗಳಿಗೂ ಅದೇ ತಾಯಿಬೇರು.

ಈಗ ನಮ್ಮ ನಾಡಿಗೆ ಬನ್ನಿ. 1973ರ ನವೆಂಬರ್, ಮೈಸೂರು. ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಮಾಡಿದ ಮನುಷ್ಯ. ಸಭೆಯೊಂದರಲ್ಲಿ ಅವರು ಕನ್ನಡದ ಬಹುಪಾಲು ಸಾಹಿತ್ಯ ಬೂಸಾ ಅಂದರು. ಒಂದು ಮಾತು, ಒಂದು ಅಭಿಪ್ರಾಯ. ಒಪ್ಪದವರು ಒಂದು ಲೇಖನ ಬರೆಯಬಹುದಿತ್ತು, ಬೂಸಾ ಅಲ್ಲದ ಹತ್ತು ಪುಸ್ತಕ ತೋರಿಸಬಹುದಿತ್ತು. ಆದದ್ದು ಏನು? ಬೀದಿಯಲ್ಲಿ ಗಲಭೆ. ದಲಿತ ವಿದ್ಯಾರ್ಥಿಗಳಿಗೆ ಏಟು. ಹಾಸ್ಟೆಲುಗಳ ಮೇಲೆ ಕಲ್ಲು. ಮಾತಾಡಿದ್ದು ಮಂತ್ರಿ, ಏಟು ತಿಂದದ್ದು ಹಾಸ್ಟೆಲ್ ಹುಡುಗರು! ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಪ್ರಶ್ನೆ ಸಾಹಿತ್ಯದ್ದಾಗಿದ್ದರೆ ಹಾಸ್ಟೆಲಿಗೆ ಯಾಕೆ ಕಲ್ಲು? ಯೋಚನೆ ಮಾಡಿ. ಅವರು ಸಿಟ್ಟಾದದ್ದು ಬರೀ ಬೂಸಾ ಅನ್ನೋ ಶಬ್ದಕ್ಕಲ್ಲ, ಆ ಶಬ್ದ ಯಾರ ಬಾಯಿಂದ ಬಂತು ಅನ್ನೋದಕ್ಕೆ. ಮಾತಿಗೂ ಜಾತಿ ಇದೆ ಅಂತ ಅವತ್ತು ನಮ್ಮ ಹಿರಿಯರಿಗೆ ಗೊತ್ತಾಯಿತು. ಏಟು ತಿಂದ ಆ ವಿದ್ಯಾರ್ಥಿಗಳು ಮನೆಗೆ ಓಡಿಹೋಗಲಿಲ್ಲ, ಕೂತು ಮಾತಾಡಿದರು. ಆ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ಮೂಡಿತು. ಭದ್ರಾವತಿಯಲ್ಲಿದ್ದ ಬಿ. ಕೃಷ್ಣಪ್ಪನವರು, ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಇನ್ನೂ ಹೆಸರು ಬರೆದುಕೊಳ್ಳದ ನೂರಾರು ಹಾಸ್ಟೆಲ್ ಹುಡುಗರು ಆ ದಶಕದಲ್ಲಿ ಒಂದಾದರು. 'ಪಂಚಮ' ಪತ್ರಿಕೆ ಬಂತು. ಕಲ್ಲಿಗೆ ಉತ್ತರ ಕಲ್ಲಲ್ಲ, ಸಂಘ ಅಂತ ತೋರಿಸಿಕೊಟ್ಟರು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ನಮ್ಮ ಸಭೆ ನಿಲ್ಲಿಸುವವರು ನಿಮ್ಮ ಮಾತು ತಪ್ಪು ಅಂತ ಹೇಳೋದಿಲ್ಲ. ನೀವು ಮಾತಾಡಿದರೆ 'ಶಾಂತಿ ಕದಡುತ್ತದೆ' ಅಂತಾರೆ. ಕದಡುವವರು ಯಾರು ಸ್ವಾಮಿ? ಕಲ್ಲು ಯಾರ ಕೈಯಲ್ಲಿದೆ? ಕಲ್ಲು ಹಿಡಿದವನನ್ನು ಬಿಟ್ಟು ಮೈಕು ಹಿಡಿದವನನ್ನು ಹಿಡಿಯೋದು ಯಾವ ನ್ಯಾಯ? ಇದಕ್ಕೆ ಸುಪ್ರೀಂ ಕೋರ್ಟು 1989ರಲ್ಲಿ ಉತ್ತರ ಕೊಟ್ಟಿದೆ, ಎಸ್. ರಂಗರಾಜನ್ ಪ್ರಕರಣದಲ್ಲಿ. ಗಲಾಟೆ ಮಾಡುತ್ತೇವೆ ಅಂತ ಯಾರೋ ಹೆದರಿಸಿದ ಮಾತ್ರಕ್ಕೆ ಅಭಿಪ್ರಾಯವನ್ನು ಹತ್ತಿಕ್ಕಬಾರದು, ಮಾತಾಡುವವನಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ, ನಮ್ಮ ಕೈಲಾಗೋದಿಲ್ಲ ಅಂತ ಸರ್ಕಾರ ಕೈಚೆಲ್ಲೋ ಹಾಗಿಲ್ಲ ಅಂತ ಕೋರ್ಟು ಹೇಳಿತು.

ಆ ಪ್ರಕರಣ ಯಾವುದರದ್ದು ಗೊತ್ತಾ? ಒಂದು ತಮಿಳು ಸಿನಿಮಾದ್ದು. ಆ ಸಿನಿಮಾ ಟೀಕೆ ಮಾಡಿದ್ದು ಯಾವುದನ್ನ? ಜಾತಿ ಆಧಾರದ ಮೀಸಲಾತಿಯನ್ನ! ಅಂದರೆ ಆ ಮಾತು ನಮ್ಮ ವಿರುದ್ಧದ ಮಾತು. ಆದರೂ ಆ ತೀರ್ಪನ್ನು ನಾವು ಕೈಬಿಡಬಾರದು. ನಮ್ಮನ್ನು ಟೀಕಿಸುವವನಿಗೆ ಸಿಕ್ಕಿದ ಗುರಾಣಿ ನಮ್ಮ ಕೈಗೂ ಬರುತ್ತದೆ. ಅವನ ಬಾಯಿಗೆ ಬೀಗ ಹಾಕಿ ಅಂತ ನಾವು ಕೇಳಿದರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ? ನಮ್ಮ ಹತ್ತಿರ ಅಂತೂ ಅಲ್ಲ. ಎಣಿಕೆಯಲ್ಲಿ, ಹಣದಲ್ಲಿ, ಠಾಣೆಯಲ್ಲಿ ಬಲ ಇರುವವನ ಹತ್ತಿರ. ಮೀಸಲಾತಿ ಬೇಡ ಅನ್ನುವವನಿಗೆ ವಾದದಿಂದ ಉತ್ತರ ಕೊಡೋಣ, ನಮ್ಮಲ್ಲಿ ವಾದಕ್ಕೇನು ಬರ ಇಲ್ಲ. ಜಾತಿ ಹೆಸರು ಹಿಡಿದು ಬಯ್ಯುವುದು ಬೇರೆ. ಅದು ಅಭಿಪ್ರಾಯ ಅಲ್ಲ, ಹಲ್ಲೆ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ.

ಹಾಗಾದರೆ ಮಾತಿಗೆ ಮಿತಿಯೇ ಇಲ್ಲವಾ? ಇದೆ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಸಾರ್ವಜನಿಕ ಶಾಂತಿ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಇಂಥ ಕೆಲವು ಕಾರಣಗಳಿಗೆ ನಿರ್ಬಂಧ ಹಾಕಬಹುದು. 1951ರ ಮೊದಲ ತಿದ್ದುಪಡಿಯಲ್ಲಿ ಮಾತಿನ ಮೇಲಿನ ಕಾರಣಗಳ ಪಟ್ಟಿ ಬೆಳೆಯಿತು. ಅದರ ಜೊತೆಗೇ ನಿರ್ಬಂಧ 'ಸಮಂಜಸ' ಆಗಿರಬೇಕು ಅನ್ನುವ ಪದವೂ ಅಲ್ಲಿಗೆ ಬಂತು. ಆ ಒಂದು ಪದ ನಮ್ಮ ಆಯುಧ. ಸಮಂಜಸವೋ ಅಲ್ಲವೋ ಅಂತ ತೀರ್ಮಾನಿಸೋದು ಇನ್ಸ್‌ಪೆಕ್ಟರ್ ಅಲ್ಲ, ಕೋರ್ಟು. 1952ರಲ್ಲಿ ವಿ.ಜಿ. ರಾವ್ ಪ್ರಕರಣದಲ್ಲಿ ಮದರಾಸು ಸರ್ಕಾರ ಒಂದು ಸಂಘವನ್ನು ಕಾನೂನುಬಾಹಿರ ಅಂತ ಸಾರಿತ್ತು. ನ್ಯಾಯಾಲಯದ ವಿಚಾರಣೆಗೆ ಎಡೆ ಇಲ್ಲದೆ ಸರ್ಕಾರ ತನಗೆ ಅನಿಸಿದ ಹಾಗೆ ಸಂಘದ ಕತ್ತು ಹಿಸುಕೋದು ಸಮಂಜಸ ಅಲ್ಲ ಅಂತ ಸುಪ್ರೀಂ ಕೋರ್ಟು ಆ ಕಾನೂನನ್ನೇ ತೆಗೆದುಹಾಕಿತು.

ಈಗ ಹಾಸ್ಟೆಲ್ ವಿಷಯ. ನಾವು ಇದ್ದ ಒಂದು ಹಾಸ್ಟೆಲಿನಲ್ಲಿ ಸೇರುವಾಗ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. ಯಾವ ಸಂಘಕ್ಕೂ ಸೇರೋದಿಲ್ಲ, ಯಾವ ಸಭೆಗೂ ಹೋಗೋದಿಲ್ಲ, ಊಟದ ಬಗ್ಗೆ ಹೊರಗಡೆ ಯಾರಿಗೂ ದೂರೋದಿಲ್ಲ, ಕೆಳಗೆ ಅಪ್ಪನ ಹೆಬ್ಬೆಟ್ಟು. ಸಾರಿನಲ್ಲಿ ಬೇಳೆ ಹುಡುಕಿದರೂ ಸಿಗದ ದಿನ ಯಾರಾದರೂ ಬಾಯಿ ಬಿಟ್ಟರೆ ಆ ಮುಚ್ಚಳಿಕೆ ಹೊರಗೆ ಬರುತ್ತಿತ್ತು. 'ಸರ್ಕಾರದ ಅನ್ನ ತಿಂತೀರಿ, ಸರ್ಕಾರದ ಮೇಲೇ ಮಾತಾಡ್ತೀರಾ?' ಇಂಥ ಮಾತನ್ನು ನಿಮ್ಮಲ್ಲೂ ಹಲವರು ಕೇಳಿರಬಹುದು.

ಈ ಪ್ರಶ್ನೆಗೆ ಉತ್ತರ ಕಲಿತುಕೊಳ್ಳಿ. ಮೊದಲನೆಯದು, ಅದು ಸರ್ಕಾರದ ಅನ್ನ ಅಲ್ಲ, ನಮ್ಮ ಅವ್ವ ಅಪ್ಪನ ಬೆವರಿನ ಅನ್ನ. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವವರು ನಾವು. ಎರಡನೆಯದು, ಸರ್ಕಾರದಿಂದ ಸಂಬಳ ತಗೊಳ್ಳುವ ನೌಕರರೇ ಈ ಹಕ್ಕು ಕಳಕೊಳ್ಳೋದಿಲ್ಲ. 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ, ನೌಕರರು ಯಾವ ರೀತಿಯ ಪ್ರದರ್ಶನವನ್ನೂ ಮಾಡಬಾರದು ಅನ್ನುವ ಬಿಹಾರದ ನಿಯಮವನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಸಂಬಳ ತಿನ್ನುವ ಗುಮಾಸ್ತನಿಗೆ ಇರುವ ಬಾಯಿ ಮುದ್ದೆ ತಿನ್ನುವ ವಿದ್ಯಾರ್ಥಿಗೆ ಇಲ್ಲವಾ?

ಮೂರನೆಯದು ಬಹಳ ಮುಖ್ಯ. 1986ರ ಬಿಜೋ ಎಮ್ಯಾನುಯೆಲ್ ಪ್ರಕರಣ. ಕೇರಳದ ಶಾಲೆಯೊಂದರ ಮೂವರು ಮಕ್ಕಳು. ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟು ಮಕ್ಕಳ ಪರ ನಿಂತಿತು. 19ನೇ ವಿಧಿಯ ಹಕ್ಕಿಗೆ ನಿರ್ಬಂಧ ಹಾಕಬೇಕಾದರೆ ಅದಕ್ಕೆ ಕಾನೂನಿನ ಬಲ ಇರಬೇಕು, ಇಲಾಖೆಯ ಬರೀ ಸುತ್ತೋಲೆ ಸಾಲದು ಅಂದಿತು. ಇಲಾಖೆಯ ಸುತ್ತೋಲೆಯೇ ಕಾನೂನಲ್ಲ ಅಂದಮೇಲೆ, ವಾರ್ಡನ್ ಗೋಡೆಗೆ ಅಂಟಿಸಿದ ಚೀಟಿ ಕಾನೂನಾದೀತಾ? ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು, ಓದುವ ಹೊತ್ತಲ್ಲಿ ಗಲಾಟೆ ಬೇಡ, ಇವು ಶಿಸ್ತು. ಪಾಲಿಸೋಣ. ಸಂಘ ಸೇರಬೇಡ, ಬಾಯಿ ಬಿಡಬೇಡ ಅನ್ನೋದು ಶಿಸ್ತಲ್ಲ, ಜೀತ.

ಒಂದು ತಮಾಷೆ ನೋಡಿ. 2023ರ ಸೆಪ್ಟೆಂಬರ್ 15ರಂದು ನಮ್ಮ ರಾಜ್ಯದಲ್ಲಿ ಎಲ್ಲ ಕಡೆ ಸಂವಿಧಾನ ಪೀಠಿಕೆಯನ್ನು ಒಟ್ಟಾಗಿ ಓದಿಸಿದರು. ಒಳ್ಳೆಯ ಕೆಲಸ. ಆ ಪೀಠಿಕೆಯಲ್ಲಿ ವಿಚಾರದ, ಅಭಿವ್ಯಕ್ತಿಯ ಸ್ವಾತಂತ್ರ್ಯ ಇದೆ. ಬೆಳಗ್ಗೆ ಅದನ್ನು ಸಾಲಾಗಿ ನಿಂತು ಓದಿಸಿ, ಸಂಜೆ ಮುಚ್ಚಳಿಕೆಗೆ ಸಹಿ ಹಾಕಿಸಿದರೆ ನಾವು ಓದಿದ್ದಕ್ಕೆ ಅರ್ಥ ಏನು? ಪೀಠಿಕೆ ಮಂತ್ರ ಅಲ್ಲ. ಪಠಿಸಿದರೆ ಪುಣ್ಯ ಬರೋದಿಲ್ಲ. ಬಳಸಿದರೆ ಬಲ ಬರುತ್ತದೆ.

ದೊಡ್ಡ ದೊಡ್ಡ ವಿದ್ಯಾಲಯಗಳಲ್ಲೂ ಇದೇ ಕತೆ. 2015ರ ಮೇ ತಿಂಗಳಲ್ಲಿ ಮದರಾಸಿನ ಐಐಟಿಯಲ್ಲಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್‌ನ ಮಾನ್ಯತೆ ತೆಗೆದರು. ದೇಶದ ತುಂಬ ವಿದ್ಯಾರ್ಥಿಗಳು ಕೇಳಿದರು, ಜೂನ್‌ನಲ್ಲಿ ವಾಪಸ್ ಕೊಟ್ಟರು. ಅದೇ ವರ್ಷ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್ನಿನ ಐದು ಜನ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಗಿಟ್ಟರು. ಸಾಮಾನ್ಯ ಜಾಗಗಳಲ್ಲಿ ಗುಂಪಾಗಿ ಓಡಾಡಬಾರದು ಅಂದರು. ಗುಂಪಾಗಿ! ಈ ಪದ ಕೇಳಿಸಿಕೊಳ್ಳಿ. ಆ ಹುಡುಗರು ಬಯಲಲ್ಲೇ ಟೆಂಟು ಹಾಕಿ ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ವೆಲಿವಾಡ ಅಂದರೆ ಹೊಲಗೇರಿ. ಅವರಲ್ಲಿ ಒಬ್ಬ ರೋಹಿತ್ ವೇಮುಲ. 2016ರ ಜನವರಿ 17ರಂದು ಆತನನ್ನು ಕಳಕೊಂಡೆವು.

ಗೆಳೆಯರೇ, ಇಲ್ಲಿ ನಿಂತು ಒಂದು ಮಾತು ಹೇಳಬೇಕು. ನಮಗೆ ಹುತಾತ್ಮರು ಸಾಕು. ನಮಗೆ ಬದುಕಿರುವ ಗೆಳೆಯರು ಬೇಕು. ಪಕ್ಕದ ರೂಮಿನವನು ಎರಡು ದಿನ ಊಟಕ್ಕೆ ಬರದಿದ್ದರೆ ಹೋಗಿ ಬಾಗಿಲು ತಟ್ಟಿ. ಸಂಘ ಅಂದರೆ ಬರೀ ಬ್ಯಾನರು, ಘೋಷಣೆ ಅಲ್ಲ. ಒಬ್ಬನನ್ನೂ ಒಂಟಿಯಾಗಲು ಬಿಡದೇ ಇರೋದೇ ಸಂಘ.

ಇನ್ನು ಊರಿನ ಮಾತು. 19ನೇ ವಿಧಿಯನ್ನು ಮುಖ್ಯವಾಗಿ ಸರ್ಕಾರದ ವಿರುದ್ಧದ ಹಕ್ಕು ಅಂತಲೇ ಕಾನೂನು ಪುಸ್ತಕಗಳು ಹೇಳುತ್ತಾ ಬಂದವು. ಆದರೆ ಕೇರಿಯಲ್ಲಿ ನಮ್ಮ ಬಾಯಿ ಮುಚ್ಚಿಸೋದು ಬರೀ ಸರ್ಕಾರ ಅಲ್ಲವಲ್ಲ! ಜಮೀನಿನವನು, ಅಂಗಡಿಯವನು, ದೇವಸ್ಥಾನದ ಕಟ್ಟೆಯವನು. 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ ಒಬ್ಬ ದಲಿತ ತರುಣನ ಕೊಲೆಯಾಯಿತು, ಅಂಬೇಡ್ಕರ್ ಹಾಡನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದಕ್ಕೆ ಜಗಳ ಶುರುವಾಯಿತು ಅಂತ ಪತ್ರಿಕೆಗಳು ಬರೆದವು. ಫೋನು ಹಾಡೋದನ್ನೂ ಸಹಿಸದ ಸಮಾಜ ಇದು. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಅದಕ್ಕೇ ಅಸ್ಪೃಶ್ಯತೆ ನಿಷೇಧದ 17ನೇ ವಿಧಿ ಸರ್ಕಾರಕ್ಕೆ ಮಾತ್ರವಲ್ಲ, ಪ್ರತಿಯೊಬ್ಬ ಮನುಷ್ಯನಿಗೂ ಅನ್ವಯ ಆಗುತ್ತದೆ. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದು, ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡನ್ನೂ ಅಪರಾಧ ಅಂತ ಹೆಸರು ಹಿಡಿದು ಹೇಳಿದೆ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿ ಮಾಡಬಹುದು ಅಂದಿದೆ. ಬಾಗಿಲು ಒಂದು ಗೇಣು ತೆರೆದಿದೆ. ನೂಕಬೇಕಾದವರು ನಾವು.

ಹಾಗಾದರೆ ನಾವು ಮಾಡೋದೇನು? ಬರೀ ಜೈಕಾರ ಹಾಕಿ ಮನೆಗೆ ಹೋದರೆ ಆಗೋದಿಲ್ಲ.

ಒಂದು. ಯಾರೇ ಬೇಡ ಅಂದರೂ 'ಬರವಣಿಗೆಯಲ್ಲಿ ಕೊಡಿ' ಅಂತ ಕೇಳಿ. ಬಾಯಿಮಾತಿನ ದರ್ಪ ಕಾಗದ ಕಂಡರೆ ಕರಗುತ್ತದೆ. ನೀವು ಕೊಡುವ ಅರ್ಜಿಗೆ ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ.

ಎರಡು. ನಿಷೇಧಾಜ್ಞೆ ಇದೆ ಅಂದರೆ ಆಜ್ಞೆಯ ಪ್ರತಿ ಕೇಳಿ. ಹಳೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಹೆಸರು ಬದಲಾದರೂ ಕಾರಣ ಬರೆಯಲೇಬೇಕು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ ನಿಷೇಧಾಜ್ಞೆ ಕಾನೂನಿಗೆ ವಿರುದ್ಧ ಅಂತ 2020ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟೇ ಹೇಳಿತು. ಅದನ್ನು ಪ್ರಶ್ನೆ ಮಾಡಿದವರು ಇದ್ದರು, ಅದಕ್ಕೇ ಉತ್ತರ ಬಂತು.

ಮೂರು. ಸಾಹೇಬರ ಹತ್ತಿರ ಒಬ್ಬರೇ ಹೋಗಬೇಡಿ. ಮೂರು ಜನ ಹೋಗಿ. ಒಬ್ಬ ಮಾತಾಡಲಿ, ಒಬ್ಬ ಬರೆದುಕೊಳ್ಳಲಿ, ಒಬ್ಬ ಸಾಕ್ಷಿ ಇರಲಿ. ಸಂಘಕ್ಕೆ ಒಂದು ನಡಾವಳಿ ಪುಸ್ತಕ ಇಡಿ. ಚಂದಾ ಒಂದು ರೂಪಾಯಿ ಆದರೂ ಲೆಕ್ಕ ಇಡಿ. ಲೆಕ್ಕ ಇಲ್ಲದ ಸಂಘವನ್ನು ಒಡೆಯೋದು ಬಹಳ ಸುಲಭ.

ನಾಲ್ಕು. ಆಯುಧ ಬೇಡ. ಹೆದರಿಕೆಗೆ ಹೇಳುತ್ತಿಲ್ಲ. 'ಆಯುಧ ಇಲ್ಲದೆ, ಶಾಂತಿಯಿಂದ' ಅನ್ನುವುದು ಸಂವಿಧಾನ ನಮ್ಮ ಸಭೆಗೆ ಕಟ್ಟಿಕೊಟ್ಟ ಬೇಲಿ. ನಮ್ಮ ಕೈಯಲ್ಲಿ ಒಂದು ಕಲ್ಲು ಕಂಡರೆ ಸಾಕು, ಅವರು ಎಸೆದ ಸಾವಿರ ಕಲ್ಲು ಮಾಯವಾಗುತ್ತದೆ.

ಐದು. ಸಂಘದೊಳಗೂ 19ನೇ ವಿಧಿ ಇರಲಿ. ಹುಡುಗಿಯರನ್ನು ಸ್ವಾಗತ ಗೀತೆಗೆ ಮಾತ್ರ ಕರೆಯಬೇಡಿ, ಅಧ್ಯಕ್ಷತೆಗೆ ಕರೆಯಿರಿ. ಹೊಲೆಯ, ಮಾದಿಗ, ಅಲೆಮಾರಿ, ಯಾರದೇ ದೂರಿದ್ದರೂ ಅದು ಸಭೆಯಲ್ಲಿ ನಿಂತು ಹೇಳುವಂತಿರಲಿ. ನಮ್ಮ ನಾಯಕನನ್ನು ನಮ್ಮ ಹುಡುಗನೇ ಪ್ರಶ್ನೆ ಕೇಳಿದರೆ ಅವನ ಕೈ ಹಿಡಿದು ಕೂರಿಸಬೇಡಿ, ಮೈಕು ಕೊಡಿ. ಹೊರಗಿನವರ ಹತ್ತಿರ ಕೇಳೋ ಹಕ್ಕನ್ನು ಒಳಗಿನವರಿಗೆ ಕೊಡದೇ ಇದ್ದರೆ ಸಂಘ ಇನ್ನೊಂದು ಮಠ ಆಗುತ್ತದೆ.

ಈ ಹಕ್ಕು ಯಾರೂ ದಾನ ಕೊಟ್ಟದ್ದಲ್ಲ. ಕೆರೆಯ ದಂಡೆಯಲ್ಲಿ ಏಟು ತಿಂದವರು, ಹಾಸ್ಟೆಲಿನಲ್ಲಿ ಕಲ್ಲು ತಿಂದವರು, ವೇದಿಕೆ ಸಿಗದೆ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದವರು ಗಳಿಸಿಟ್ಟದ್ದು. ಬಳಸದ ಹಕ್ಕು ಬೀಳುಬಿದ್ದ ಹೊಲದ ಹಾಗೆ, ಪಕ್ಕದವನು ನಿಧಾನವಾಗಿ ಬದು ಸರಿಸುತ್ತಾ ಬರುತ್ತಾನೆ. ಈ ವಾರವೇ ನಿಮ್ಮ ನಿಮ್ಮ ಹಾಸ್ಟೆಲಿನಲ್ಲಿ ಐದು ಜನ ಸೇರಿ. ಹೆಸರಿಡಿ, ದಿನ ಗೊತ್ತು ಮಾಡಿ, ಮೊದಲ ಸಭೆಯಲ್ಲಿ 19ನೇ ವಿಧಿಯನ್ನು ಗಟ್ಟಿಯಾಗಿ ಓದಿ. ಆಮೇಲೆ ಸಾರಿನಲ್ಲಿ ಬೇಳೆ ಯಾಕಿಲ್ಲ ಅಂತ ಕೇಳಿ.

ಜೈ ಭೀಮ್.